ಪುರುಸೊತ್ತಿನ ರಿಪೇರಿ

ಕಾರಿನಲ್ಲಿ ರಬ್ಬರು ಎಲ್ಲೆಲ್ಲಿದೆ ಎಂದು ಕೇಳಿದರೆ ಯಾರಾದರೂ ಮೊದಲು ಟೈರು ತೋರಿಸುತ್ತಾರೆ. ಸ್ವಲ್ಪ ಯೋಚಿಸಿದರೆ ವೈಪರು, ಬಾಗಿಲ ಸುತ್ತಿನ ಬೀಡಿಂಗು, ಕಾಲಡಿಯ ಮ್ಯಾಟು. ಚಕ್ರಕ್ಕೂ ಬಾಡಿಗೂ ನಡುವೆ, ಕಬ್ಬಿಣಕ್ಕೆ ಕಬ್ಬಿಣ ತಾಗದ ಹಾಗೆ ತಡೆದು ಕೂತಿರುವ ಸಣ್ಣ ರಬ್ಬರು ತುಂಡುಗಳ ನೆನಪು ಯಾರಿಗೂ ಆಗುವುದಿಲ್ಲ. ಗಾಡಿಯಡಿ ಮಲಗಿ ಟಾರ್ಚು ಹಿಡಿದರೂ ಅವು ನೆಟ್ಟಗೆ ಕಾಣುವುದಿಲ್ಲ. ಕಂಡರೂ ಕೆಸರು ಮೆತ್ತಿದ ಒಂದು ಕರಿ ಉಂಗುರ, ಅಷ್ಟೇ. ಗ್ಯಾರೇಜಿನಲ್ಲಿ ಅದಕ್ಕೆ ಬುಷ್ ಎನ್ನುತ್ತಾರೆ.

ಮಲೆನಾಡಿನ ಹರಿಹರಪುರದ ಕಡೆ ಬುಷ್ಷಿನ ಸುದ್ದಿ ಏಳುವುದು ಮಳೆಗಾಲ ಹಿಂದೆ ಸರಿದ ಮೇಲೆ. ಆಷಾಢ, ಶ್ರಾವಣದಲ್ಲಿ ಮಳೆಯ ಸದ್ದೊಂದೇ ಸದ್ದು. ಗಾಡಿ ಏನು ಹೇಳುತ್ತಿದೆ ಎಂದು ಕೇಳಿಸುವುದಿಲ್ಲ, ಕೇಳಿಸಿದರೂ ಆ ಕೆಸರಲ್ಲಿ ಮಲಗಿ ನೋಡುವವರಿಲ್ಲ. ದೀಪಾವಳಿ ಹೊತ್ತಿಗೆ ಆಕಾಶ ತಿಳಿಯಾಗಿ, ರಸ್ತೆಯ ಹೊಂಡಗಳು ಒಣಗಿ ಅವುಗಳ ಅಂಚು ಗಟ್ಟಿಯಾದಾಗ ಹಳೆ ಕಾರುಗಳ ಮುಂಭಾಗದಿಂದ ಕಟಕಟ ಶುರುವಾಗುತ್ತದೆ. "ಎಂತ ಮಾರಾಯ್ರೆ, ನೀವು ಬರೋದು ಸೇತುವೆ ಆಚೆಯಿಂದ್ಲೇ ಗೊತ್ತಾಗ್ತದೆ" ಎಂದು ಅಂಗಡಿಕಟ್ಟೆಯಲ್ಲಿ ಯಾರಾದರೂ ಅನ್ನುತ್ತಾರೆ. ಜೊತೆಗೇ ಒಂದು ತೀರ್ಪೂ ಬರುತ್ತದೆ: "ಶಾಕ್ ಅಬ್ಸಾರ್ಬರ್ ಹೋಗಿರ್ಬೇಕು." ಮುಂದಿನ ಚಕ್ರದ ಹತ್ತಿರ ಸದ್ದು ಬಂತೆಂದರೆ ಅಪವಾದವೆಲ್ಲ ಶಾಕ್ ಅಬ್ಸಾರ್ಬರಿನ ತಲೆಗೆ. ಅದರ ಬೆಲೆ ದೊಡ್ಡದು, ಬುಷ್ಷಿನದು ಚಿಲ್ಲರೆ. ದೊಡ್ಡದನ್ನು ಬದಲಿಸಿ ದುಡ್ಡು ಎಣಿಸಿ ಮನೆಗೆ ಬರುವ ದಾರಿಯಲ್ಲೇ ಅದೇ ಕಟಕಟ ಮತ್ತೆ ಕೇಳಿಸಿಕೊಂಡವರು ಈ ಸೀಮೆಯಲ್ಲಿ ಬೇಕಾದಷ್ಟು ಸಿಗುತ್ತಾರೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿಗೆ ಇವತ್ತು ರೈಲಿಲ್ಲ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಸಣ್ಣ ಹಳಿಯ ಟ್ರಾಮು ಓಡುತ್ತಿದ್ದದ್ದು ಹಿರಿಯರ ಬಾಯಲ್ಲಷ್ಟೇ ಉಳಿದಿದೆ. ಓಡಾಟವೆಲ್ಲ ರಸ್ತೆಯ ಮೇಲೆ. ಕೊಪ್ಪದ ಸಹಕಾರ ಸಾರಿಗೆ ನೆನಪಿದೆಯಲ್ಲ, 1991ರಲ್ಲಿ ಶಂಕರ್ ಕಂಪನಿಯ ನೌಕರರೇ ಸೇರಿ ಬಸ್ಸುಗಳನ್ನು ವಹಿಸಿಕೊಂಡು ಕಟ್ಟಿದ ಸಂಸ್ಥೆ. ಮಾಲೀಕರೂ ಅವರೇ, ಡ್ರೈವರೂ ಅವರೇ. ಮಲೆನಾಡಿನ ಮೂಲೆಮೂಲೆಗೆ ಮೂರು ದಶಕ ಹತ್ತಿರ ಓಡಿ 2020ರ ಫೆಬ್ರವರಿಯಲ್ಲಿ ಅದು ನಿಂತಿತು. ಬೇರೆ ಬಸ್ಸುಗಳು ಇಲ್ಲವೆಂದಲ್ಲ. ಆದರೆ ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು ಚದುರಿರುವ ಊರಿನಲ್ಲಿ ಬಸ್ಸು ಟಾರು ರಸ್ತೆಯವರೆಗೆ ಮಾತ್ರ. ಅಲ್ಲಿಂದ ಆಚೆಗೆ ತೋಟದ ದಾರಿ, ದಣಪೆ, ಹಳ್ಳಕ್ಕೆ ಅಡ್ಡ ಹಾಕಿದ ಕಲ್ಲುಚಪ್ಪಡಿ, ಏರು, ಮತ್ತೊಂದು ಇಳಿಜಾರು. ಆ ಕೊನೆಯ ಮೈಲಿಗೆಂದೇ ಮನೆಮನೆಯಲ್ಲಿ ಒಂದು ಜೀಪೋ ಮಾರುತಿಯೋ ಇರುತ್ತದೆ. ಬುಷ್ಷುಗಳು ಸಾಯುವುದೂ ಆ ಮೈಲಿಯಲ್ಲೇ. ಹೆದ್ದಾರಿಯಲ್ಲಿ ಅವು ಆರಾಮಾಗಿರುತ್ತವೆ.

ಹರಿಹರಪುರದ ಮಠಕ್ಕೆ, ಶೃಂಗೇರಿಗೆ, ಹೊರನಾಡಿಗೆ ಬರುವ ಬೆಂಗಳೂರು ಗಾಡಿಗಳು ಹೊಸವು. ಅವುಗಳ ಮಾತು ಇಲ್ಲಿ ಬೇಡ. ನಾನು ಹೇಳಹೊರಟದ್ದು ಮಾರುತಿ 800 ಮತ್ತು ಅದರ ತಮ್ಮನಂತಿರುವ ಹಳೆ ಆಲ್ಟೊ ಕುರಿತು. 1983ರ ಡಿಸೆಂಬರಿನಲ್ಲಿ ಬಂದ 800 ನಿಂತದ್ದು 2014ರ ಜನವರಿಯಲ್ಲಿ. ನಡುವೆ ಒಂದು ಸಂಗತಿ ನಡೆಯಿತು: 2010ರ ಏಪ್ರಿಲ್‌ನಲ್ಲಿ ಹೊಗೆಯ ನಿಯಮ ಬಿಗಿಯಾದಾಗ ಬೆಂಗಳೂರೂ ಸೇರಿದಂತೆ 13 ದೊಡ್ಡ ನಗರಗಳಲ್ಲಿ ಈ ಕಾರಿನ ಮಾರಾಟ ನಿಂತುಹೋಯಿತು, ಉಳಿದ ಊರುಗಳಲ್ಲಿ ಮುಂದುವರಿಯಿತು. ಹಾಗಾಗಿ ಕೊನೆಯ ನಾಲ್ಕು ವರ್ಷದ 800ಗಳು ಹುಟ್ಟಿನಿಂದಲೇ ಸಣ್ಣ ಊರಿನ ಗಾಡಿಗಳು. ಅವುಗಳಿಗೆ ಈಗ ಹದಿನೈದರ ಪ್ರಾಯ, ಕೆಲವಕ್ಕೆ ಹತ್ತಿರ, ಕೆಲವಕ್ಕೆ ದಾಟಿದೆ. ಎಂಜಿನ್ನು ಇನ್ನೂ ಗಟ್ಟಿಮುಟ್ಟು. ಹೋಗಿರುವುದು ರಬ್ಬರು.

ರಬ್ಬರು ಮಾಡುವ ಕೆಲಸ

ಬುಷ್ ಎಂದರೆ ಒಳಗೊಂದು ಕಬ್ಬಿಣದ ಕೊಳವೆ, ಹೊರಗೊಂದು ಕಬ್ಬಿಣದ ಕೊಳವೆ, ನಡುವೆ ಎರಡಕ್ಕೂ ಅಂಟಿಸಿದ ರಬ್ಬರು. ಹೊರಗಿನದನ್ನು, ಚಕ್ರವನ್ನು ಕೆಳಗಿನಿಂದ ಬಾಡಿಗೆ ಹಿಡಿದಿಡುವ ಲೋಯರ್ ಆರ್ಮಿನ ಕಣ್ಣಿನೊಳಕ್ಕೆ ಒತ್ತಿ ಕೂರಿಸಿರುತ್ತಾರೆ. ಒಳಗಿನದರಲ್ಲಿ ಬೋಲ್ಟು ತೂರಿಸಿ ಬಾಡಿಗೆ ಬಿಗಿದಿರುತ್ತಾರೆ. ಚಕ್ರ ಹೊಂಡಕ್ಕೆ ಇಳಿದು ಎದ್ದಾಗ ಆರ್ಮು ಮೇಲೆ ಕೆಳಗೆ ಆಡುತ್ತದೆ. ಆಗ ಒಳಕೊಳವೆ ಅಲ್ಲಾಡುವುದಿಲ್ಲ, ಹೊರಕೊಳವೆ ಆರ್ಮಿನ ಜೊತೆ ತಿರುಗುತ್ತದೆ, ನಡುವಿನ ರಬ್ಬರು ಒದ್ದೆ ಪಂಚೆ ಹಿಂಡಿದ ಹಾಗೆ ತಿರುಚಿಕೊಂಡು ಮತ್ತೆ ಸಡಿಲವಾಗುತ್ತದೆ. ಇಲ್ಲಿ ಯಾವುದೂ ಯಾವುದರ ಮೇಲೂ ಜಾರುವುದಿಲ್ಲ, ಉಜ್ಜುವುದಿಲ್ಲ. ಈ ಒಂದು ವಿಷಯ ಮನಸ್ಸಿನಲ್ಲಿ ಕೂತರೆ ಮುಂದಿನ ಕೆಲಸದ ಮುಕ್ಕಾಲು ಪಾಲು ತಾನಾಗಿ ತಿಳಿಯುತ್ತದೆ.

ಹಳೆಯ ಡ್ರೈವರುಗಳ ಅಭ್ಯಾಸ ಬೇರೆ. ಅಂಬಾಸಿಡರಿನಲ್ಲಿ, ಹಳೆ ಜೀಪಿನ ಶ್ಯಾಕಲ್ಲುಗಳಲ್ಲಿ ಗ್ರೀಸ್ ನಿಪ್ಪಲ್ ಇರುತ್ತಿತ್ತು. ಕಬ್ಬಿಣದೊಳಗೆ ಕಬ್ಬಿಣ ತಿರುಗುವ ಜಾಗ ಅದು, ಗ್ರೀಸಿಲ್ಲದಿದ್ದರೆ ಸವೆಯುತ್ತಿತ್ತು. ಆ ಅಭ್ಯಾಸದಲ್ಲಿ ಬೆಳೆದವರು ಮಾರುತಿಯ ಬುಷ್ಷು ಕಿರುಗುಟ್ಟಿದರೂ ಸುಟ್ಟ ಎಂಜಿನ್ ಆಯಿಲ್ ಸುರಿಯುತ್ತಾರೆ. ಒಂದೆರಡು ದಿನ ಸದ್ದು ನಿಲ್ಲುತ್ತದೆ, ನಿಜ. ಅಷ್ಟರಲ್ಲಿ ಎಣ್ಣೆ ಕುಡಿದ ರಬ್ಬರು ಊದಿಕೊಂಡು ಮೆತ್ತಗಾಗಿ, ಅಂಟು ಬಿಟ್ಟು ಕೊಳವೆಯಿಂದ ಕಳಚಿಕೊಳ್ಳಲು ಶುರುಮಾಡುತ್ತದೆ.

ಬುಷ್ಷಿಗೆ ಹೆಚ್ಚಾಗಿ ಬಳಸುವುದು ಮರದಿಂದ ಬಂದ ರಬ್ಬರನ್ನೇ. ಲಕ್ಷಾಂತರ ಸಲ ತಿರುಚಿದರೂ ಬಿರುಕು ಬಿಡದೆ ತಾಳಿಕೊಳ್ಳುವುದರಲ್ಲಿ ಕಾರ್ಖಾನೆಯ ರಬ್ಬರುಗಳಲ್ಲಿ ಹಲವು ಅದರ ಸಮಕ್ಕೆ ಬರುವುದಿಲ್ಲ. ನರಸಿಂಹರಾಜಪುರ, ಬಾಳೆಹೊನ್ನೂರಿನ ಕಡೆ ಗುಡ್ಡದಿಳಿಜಾರಿನಲ್ಲಿ ಚಿಪ್ಪು ಕಟ್ಟಿಕೊಂಡು ನಿಂತ ರಬ್ಬರು ಮರಗಳನ್ನು ಎಲ್ಲರೂ ನೋಡಿದ್ದೇವೆ. ಆ ಹಾಲು ಹಾಗೇ ಒಣಗಿದರೆ ಬಿಸಿಲಿಗೆ ಅಂಟು, ಚಳಿಗೆ ಬಿರುಸು. ಗಂಧಕ ಸೇರಿಸಿ ಬಿಸಿ ಮಾಡಿದರೆ ಅದು ಸ್ಥಿರವಾಗುತ್ತದೆ ಎಂದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದರಿಂದ ಟೈರೂ ಬಂತು, ಬುಷ್ಷೂ ಬಂತು. ಅದಕ್ಕೆ ಶತ್ರುಗಳು ಮಾತ್ರ ಹಲವು. ಎಣ್ಣೆ, ಶಾಖ, ಗಾಳಿಯಲ್ಲಿನ ಓಝೋನ್, ಮತ್ತೆ ನಮ್ಮ ತೋಟದವರು ಗಮನಿಸಬೇಕಾದ ಇನ್ನೊಂದು: ತಾಮ್ರ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಒಂದು ಶತಮಾನದ ಹಿಂದೆಯೇ ಅಡಿಕೆ ಬೆಳೆಗಾರರಿಗೆ ಹೇಳಿಕೊಟ್ಟರು. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಅಡಿಕೆ ಉಳಿಸುವ ಆ ತಾಮ್ರವೇ ರಬ್ಬರನ್ನು ಬೇಗ ಮುದಿಯಾಗಿಸುತ್ತದೆ. ಮೈಲುತುತ್ತ ಕಲಸಿದ ಬಕೀಟನ್ನು ಗಾಡಿ ಕೆಲಸಕ್ಕೆ ತರಬೇಡಿ. ಬೋಲ್ಟಿಗೆ ಹಚ್ಚುವ ತಾಮ್ರದ ಗ್ರೀಸನ್ನೂ ಬುಷ್ಷಿನ ರಬ್ಬರಿಗೆ ತಾಗಿಸಬೇಡಿ.

ಮಾರುತಿ 800ರ ಮುಂದಿನ ಚಕ್ರವನ್ನು ಹಿಡಿದು ನಿಲ್ಲಿಸುವ ಏರ್ಪಾಡು ತೀರಾ ಸರಳ. ಮೇಲೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬವಾಗಿ ನಿಂತಿವೆ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ್ದರಿಂದ ಅದಕ್ಕೆ ಅವನದೇ ಹೆಸರು. ಕೆಳಗೆ ಒಂದು ಲೋಯರ್ ಆರ್ಮು, ಅದರ ಒಳತುದಿಯಲ್ಲಿ ಬುಷ್ಷು, ಹೊರತುದಿಯಲ್ಲಿ ಬಾಲ್ ಜಾಯಿಂಟು. ಈ ಆರ್ಮು ಬಾಡಿಗೆ ಸೇರುವುದು ಒಂದೇ ಕಡೆ. ಹಾಗಾದರೆ ಚಕ್ರ ಮುಂದಕ್ಕೂ ಹಿಂದಕ್ಕೂ ಹೋಗದಂತೆ ತಡೆಯುವುದು ಯಾವುದು? ಎಡದಿಂದ ಬಲಕ್ಕೆ ಬಾಗಿ ಹೋಗುವ ಸ್ಟೆಬಿಲೈಸರ್ ರಾಡು. ತಿರುವಿನಲ್ಲಿ ಗಾಡಿ ವಾಲದಂತೆ ನೋಡಿಕೊಳ್ಳುವುದೂ ಅದೇ, ಬ್ರೇಕು ಒತ್ತಿದಾಗ ಚಕ್ರ ಹಿಂದೆ ಸರಿಯದಂತೆ ಹಿಡಿಯುವುದೂ ಅದೇ. ಅದರ ಎರಡು ತುದಿ ಆರ್ಮುಗಳೊಳಗೆ ತೂರುವಲ್ಲಿ ರಬ್ಬರು ಬುಷ್, ಬಾಡಿಗೆ ಬಿಗಿದ ಎರಡು ಕಡೆಯೂ ರಬ್ಬರು ಬುಷ್. ಅಗ್ಗದ ಕಾರಿನಲ್ಲಿ ಒಂದು ಸರಳಿಗೆ ಎರಡು ಕೆಲಸ ಕೊಟ್ಟ ಸುಜುಕಿಯವರ ಜಾಣತನವನ್ನು ಮೆಚ್ಚಬೇಕು. ಆದರೆ ತುದಿಯ ರಬ್ಬರು ಹೋದರೆ ಎರಡೂ ಕೆಲಸ ಒಟ್ಟಿಗೇ ಕೆಡುತ್ತದೆ. ಬ್ರೇಕು ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ, ಜನ ಬ್ರೇಕ್ ಲೈನರು ಬದಲಿಸಿಕೊಂಡು ಬರುತ್ತಾರೆ.

ಟೈರು ತಿನ್ನುವುದರ ಕಾರಣವೂ ಇಲ್ಲೇ ಇದೆ. ಚಕ್ರದ ದಿಕ್ಕು ನಿರ್ಧಾರವಾಗುವುದು ಲೋಯರ್ ಆರ್ಮು ಮತ್ತು ಸ್ಟೀರಿಂಗಿನಿಂದ ಬಂದ ಟೈ ರಾಡು ಎರಡೂ ಸೇರಿ. ಬುಷ್ ಸಡಿಲಾಗಿ ಆರ್ಮು ಅತ್ತಿತ್ತ ಸರಿದರೆ ಟೈ ರಾಡು ಅದರ ಜೊತೆ ಸರಿಯುವುದಿಲ್ಲ. ಚಕ್ರ ತುಸು ಓರೆಯಾಗುತ್ತದೆ, ಮುಂದಿನ ಹೊಂಡದಲ್ಲಿ ಇನ್ನೊಂದು ಕಡೆ ಓರೆಯಾಗುತ್ತದೆ. ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ನಿಲ್ಲುವುದಿಲ್ಲ. 12 ಇಂಚಿನ ಪುಟ್ಟ ಚಕ್ರ ಬೇರೆ, ದೊಡ್ಡ ಗಾಡಿ ದಾಟಿಹೋಗುವ ಹೊಂಡದಲ್ಲಿ ಇದು ಇಳಿದು ಹತ್ತಬೇಕು. ಶೃಂಗೇರಿಯಿಂದ ಆಗುಂಬೆ ಕಡೆ ಹೋಗಿ ಘಾಟಿಯ ತಿರುವುಗಳನ್ನು ಇಳಿದು ಬಂದ ಮೇಲೆ ಟೈರಿನ ಒಳಅಂಚನ್ನು ಕೈಯಿಂದ ಸವರಿ ನೋಡಿ. ಗರಗಸದ ಅಂಚು ಸಿಕ್ಕಿದರೆ ಅನುಮಾನ ಬುಷ್ಷಿನ ಮೇಲೇ ಇರಲಿ.

ಗುರುತು ಹಿಡಿಯುವುದು

ಒಂದು ಸುಣ್ಣದ ಗೆರೆ ಸಾಕು. ಬುಷ್ಷಿನ ಒಳಕೊಳವೆಯಿಂದ ಆರ್ಮಿನ ಅಂಚಿನವರೆಗೆ ಒದ್ದೆ ಸುಣ್ಣದಲ್ಲಿ ಒಂದು ಅಡ್ಡಗೆರೆ ಎಳೆದು ಒಣಗಲು ಬಿಡಿ. ಒಬ್ಬರು ಗಾಡಿಯಲ್ಲಿ ಕೂತು ಬ್ರೇಕು ಒತ್ತಿಕೊಂಡಿರಲಿ, ಇನ್ನೊಬ್ಬರು ಹೊರಗಿನಿಂದ ಗಾಡಿಯನ್ನು ಹಿಂದೆ ಮುಂದೆ ಜಗ್ಗಲಿ. ಗೆರೆಯ ಎರಡು ತುದಿ ಒಂದರ ಪಕ್ಕದಿಂದ ಒಂದು ಸರಿದು ಟಕ್ಕನೆ ನಿಂತರೆ ರಬ್ಬರು ಹರಿದಿದೆ. ಮೆಲ್ಲಗೆ ಸರಿದು ಮೆಲ್ಲಗೆ ವಾಪಸು ಬಂದರೆ ಅದು ರಬ್ಬರಿನ ಸಹಜ ಗುಣ, ಗಾಬರಿ ಬೇಡ. ಆಮೇಲೆ ಗಾಡಿ ಎತ್ತಿ ಸ್ಟ್ಯಾಂಡಿನ ಮೇಲಿಟ್ಟು, ಆರ್ಮು ಬಾಡಿಗೆ ಸೇರುವ ಸಂದಿನಲ್ಲಿ ಸಣ್ಣ ಹಾರೆಯ ತುದಿ ಕೊಟ್ಟು ಮೀಟಿ ನೋಡಬೇಕು. ಒಳಕೊಳವೆ ನಟ್ಟನಡುವೆ ಇರದೆ ಒಂದು ಕಡೆ ಒರಗಿದ್ದರೆ, ರಬ್ಬರು ಕೊಳವೆಯಿಂದ ಬಿಟ್ಟು ಸುತ್ತಲೂ ಕತ್ತಲ ಸಂದು ಕಂಡರೆ ಇನ್ನು ಯೋಚಿಸುವುದೇನಿಲ್ಲ.

ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಲಟಕ್ ಎಂದರೆ ಬಾಲ್ ಜಾಯಿಂಟೋ ಬೇರಿಂಗೋ. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಟೈ ರಾಡು. ಬಾಲ್ ಜಾಯಿಂಟು ಹೋಗಿದ್ದರೆ ನನ್ನ ಮಟ್ಟಿಗೆ ಬುಷ್ ಬಡಿಯುವ ಕೆಲಸಕ್ಕೇ ಕೈಹಾಕಬಾರದು. 800ರಲ್ಲಿ ಆರ್ಮು, ಜಾಯಿಂಟು, ಬುಷ್ಷು ಒಟ್ಟಿಗೆ ಕೂಡಿದ ಸೆಟ್ಟೇ ಸಿಗುತ್ತದೆ. ಅದನ್ನು ತಂದು ಹಾಕುವುದು ಜಾಣತನ. ಜಾಯಿಂಟು ಗಟ್ಟಿಯಿದ್ದು ಬುಷ್ ಮಾತ್ರ ಹೋಗಿದ್ದರೆ ಬುಷ್ಷೊಂದನ್ನೇ ಬದಲಿಸಿ.

ಮನೆಯಲ್ಲೇ ಯಾಕೆ ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಗ್ಯಾರೇಜಿನಲ್ಲಿ ಹೈಡ್ರಾಲಿಕ್ ಪ್ರೆಸ್ ಇದೆ, ಎರಡು ತಾಸಿನ ಕೆಲಸ, ಕೂಲಿಯೂ ಮೈಮುರಿಯುವಷ್ಟಲ್ಲ. ದುಡ್ಡು ಉಳಿಸಲಿಕ್ಕೆಂದು ಮನೆಯಲ್ಲಿ ಮಾಡುವವರಿಗೆ ಉಳಿಯುವುದು ಅಷ್ಟರಲ್ಲೇ ಇದೆ. ಆದರೆ ಈ ಕೆಲಸದಲ್ಲಿ ಎರಡು ಕಡೆ ಕಾಯಬೇಕು. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಇಳಿಯಲು ಒಂದು ರಾತ್ರಿ ಕಾಯಬೇಕು, ಕೊನೆಯ ಬಿಗಿತಕ್ಕೆ ಗಾಡಿ ತನ್ನ ಭಾರದ ಮೇಲೆ ತಾನು ನಿಲ್ಲುವವರೆಗೆ ಕಾಯಬೇಕು. ಹಿಂದೆ ನಾಲ್ಕು ಗಾಡಿ ಸಾಲುಗಟ್ಟಿ ನಿಂತ ಗ್ಯಾರೇಜಿನ ಮೇಸ್ತ್ರಿಗೆ ಈ ಎರಡೂ ಆಗದ ಮಾತು. ಅವರನ್ನು ದೂರಿ ಫಲವಿಲ್ಲ. ಸುಗ್ಗಿ ಮುಗಿದು, ಅಡಿಕೆ ಎದ್ದು, ಅಂಗಳ ಖಾಲಿಯಾದ ಮನೆಯಲ್ಲಿ ಇರುವುದೇ ಪುರುಸೊತ್ತು.

ಅಂಗಳದಲ್ಲಿ

ಮೊದಲು ಗಾಡಿ ಗುರುತಿಸಿಕೊಳ್ಳಿ. ಮ್ಯಾಕ್‌ಫರ್ಸನ್ ಕಂಬದ ಗಾಡಿಯಲ್ಲಿ ಸ್ಪ್ರಿಂಗು ಕಂಬದಲ್ಲೇ ಹಿಡಿದಿರುವುದರಿಂದ ಕೆಳಗಿನ ಆರ್ಮು ಬಿಚ್ಚಿದರೆ ಅದು ಚಿಮ್ಮುವುದಿಲ್ಲ. ಕಂಬದ ನೆತ್ತಿಯ ನಡುವಿನ ನಟ್ಟನ್ನು ಮಾತ್ರ ಮುಟ್ಟಕೂಡದು. ಪ್ರೀಮಿಯರ್ ಪದ್ಮಿನಿಯಲ್ಲಿ ಸ್ಪ್ರಿಂಗು ಆರ್ಮುಗಳ ನಡುವೆಯೇ ಒತ್ತಿಕೊಂಡು ಕೂತಿದೆ, ಅಂಬಾಸಿಡರಿನ ಮುಂದೆ ಟಾರ್ಷನ್ ಬಾರಿದೆ. ಆ ಎರಡರ ಮುಂದಿನ ಆರ್ಮುಗಳಿಗೆ ಮನೆಯಲ್ಲಿ ಕೈಹಾಕಬೇಡಿ. ಬಿಡುಗಡೆಯಾದ ಸ್ಪ್ರಿಂಗು ಕೈ ಮುರಿಯುತ್ತದೆ, ಅದಕ್ಕಿಂತ ಹೆಚ್ಚಿನದನ್ನೂ ಮಾಡಬಲ್ಲದು.

ಹಿಂದಿನ ಸಂಜೆ ಎಲ್ಲ ಬೋಲ್ಟುಗಳಿಗೆ ವೈರ್ ಬ್ರಷ್ ಹಾಕಿ ಮಣ್ಣು ತೆಗೆದು, ಡಬ್ಲ್ಯುಡಿ-40 ಹೊಡೆಯಿರಿ. ರಬ್ಬರಿಗೆ ಚಿಂದಿ ಮುಚ್ಚಿರಬೇಕು. ಹೇಗೂ ಬಿಸಾಡುವ ಬುಷ್ಷಾದರೆ ಚಿಂತೆಯಿಲ್ಲ, ಆದರೆ ಪಕ್ಕದಲ್ಲೇ ಬಾಲ್ ಜಾಯಿಂಟಿನ ರಬ್ಬರು ಟೊಪ್ಪಿಗೆಯಿದೆ. ಮಲೆನಾಡಿನ ಗಾಡಿಗಳಲ್ಲಿ ಕೈಕೊಡುವುದು ಆರ್ಮಿನ ಒಳಬೋಲ್ಟು. ಕೆಂಪು ಕೆಸರಿನ ನೀರು ಒಳಕೊಳವೆಗೆ ಇಳಿದು, ವರ್ಷಗಟ್ಟಲೆ ಕೂತು, ಬೋಲ್ಟೂ ಕೊಳವೆಯೂ ಒಂದಾಗಿರುತ್ತವೆ. ಉದ್ದ ಹಿಡಿಯ ಸಾಕೆಟ್ಟಿನಿಂದ ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ. ಕಿರ್ ಎಂದರೆ ನಿಲ್ಲಿಸಿ, ಮತ್ತೆ ಎಣ್ಣೆ ಬಿಡಿ, ಕಾಫಿ ಕುಡಿದು ಬನ್ನಿ. ಆ ಬೋಲ್ಟಿನ ತಲೆ ಮುರಿದರೆ ಡ್ರಿಲ್ಲು, ವೆಲ್ಡಿಂಗು ಎಂದು ಕೆಲಸ ಬೇರೆಯೇ ಆಗುತ್ತದೆ.

ಜಾಕಿನ ವಿಚಾರದಲ್ಲಿ ನನಗೆ ತಮಾಷೆ ಇಲ್ಲ. ಗಾಡಿಯ ಜೊತೆ ಬರುವ ಜಾಕು ಟೈರು ಬದಲಿಸಲಿಕ್ಕೆ ಮಾತ್ರ. ಅದರ ಮೇಲೆ ನಿಂತ ಗಾಡಿಯಡಿ ತಲೆ ಹೋಗಬಾರದು, 800ರ ತೂಕ ಬರೀ 650 ಕಿಲೋ ಆಸುಪಾಸು ಎಂದು ಉದಾಸೀನ ಬೇಡ. ಮುರಕಲ್ಲನ್ನು ಆಧಾರ ಕೊಡುವುದು ನಮ್ಮ ಕಡೆಯ ಕೆಟ್ಟ ಚಾಳಿ. ಗೋಡೆಯಲ್ಲಿ ಶತಮಾನ ನಿಲ್ಲುವ ಕಲ್ಲು ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಸದ್ದಿಲ್ಲದೆ ಸೀಳುತ್ತದೆ. ಒಂದು ಜೊತೆ ಜಾಕ್ ಸ್ಟ್ಯಾಂಡು ತನ್ನಿ, ಅದರಡಿ ದಪ್ಪ ಹಲಗೆಯಿಡಿ, ಸಗಣಿ ಸಾರಿಸಿದ ಅಂಗಳವಾದರೆ ಹಲಗೆ ಇನ್ನೂ ಅಗಲವಿರಲಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟು, ಬಿಚ್ಚಿದ ಚಕ್ರವನ್ನು ಬಾಡಿಯಡಿ ಮಲಗಿಸಿಟ್ಟರೆ ಇನ್ನೊಂದು ಕಾವಲು. ಮುಂದಿನ ಎರಡೂ ಬದಿ ಎತ್ತುವುದು ಒಳ್ಳೆಯದು. ಒಂದೇ ಬದಿ ಎತ್ತಿದರೆ ಸ್ಟೆಬಿಲೈಸರ್ ರಾಡು ತಿರುಚಿಕೊಂಡಿದ್ದು, ಬಿಚ್ಚುವಾಗ ಆರ್ಮು ಒದೆಯುತ್ತದೆ.

ಬಿಚ್ಚುವುದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಸ್ಟೆಬಿಲೈಸರ್ ತುದಿಯ ಸ್ಪ್ಲಿಟ್ ಪಿನ್ನು ತೆಗೆದು ಕ್ಯಾಸಲ್ ನಟ್ಟು, ವಾಷರು, ಬುಷ್ಷು ಬಂದ ಅನುಕ್ರಮದಲ್ಲೇ ಹಳೆ ಪೇಪರಿನ ಮೇಲೆ ಸಾಲಾಗಿ ಜೋಡಿಸಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ವಾಷರಿನ ಉಬ್ಬು ಯಾವ ಕಡೆಗಿತ್ತು ಎನ್ನುವುದು ಆಮೇಲೆ ನೆನಪಿರುವುದಿಲ್ಲ. ಬಾಲ್ ಜಾಯಿಂಟಿನ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆಳೆಯಬೇಕು. ಅದು ಜಾಯಿಂಟಿನ ಕಡ್ಡಿಯ ಕಚ್ಚಿನಲ್ಲಿ ಕೂತಿರುತ್ತದೆ. ಒಳಬೋಲ್ಟೂ ಬಂದರೆ ಆರ್ಮು ಕೈಗೆ ಬಂತು.

ಹಳೆ ಬುಷ್ ಹೊರಗೆ ತೆಗೆಯುವ ಹಳ್ಳಿ ಮಾರ್ಗ ಒಲೆ. ರಬ್ಬರು ಸುಟ್ಟು, ಕೊಳವೆ ಬಡಿದು ತೆಗೆಯುತ್ತಾರೆ. ಹೊಗೆ ಕೆಟ್ಟದ್ದು, ಬಿಸಿಯಾದ ರಬ್ಬರು ಸಿಡಿಯುತ್ತದೆ, ಆರ್ಮಿನ ಇನ್ನೊಂದು ತುದಿಯ ಜಾಯಿಂಟು ಬೆಂದುಹೋಗುತ್ತದೆ. ಬೇಡ. ಸುತ್ತಿಗೆಯ ಏಟೂ ಬೇಡ. ಆರ್ಮಿನ ಕಣ್ಣು ಮೊಟ್ಟೆಯಾಕಾರಕ್ಕೆ ತಿರುಗಿದರೆ ಹೊಸ ಬುಷ್ ಎಂದೂ ಬಿಗಿಯಾಗಿ ಕೂರದು. ಹಾರ್ಡ್‌ವೇರ್ ಅಂಗಡಿಯಲ್ಲಿ ಗಜ ಉದ್ದದ ಮರೆಸರಳು ಸಿಗುತ್ತದೆ, ಅಂಗಡಿಯವರು ಥ್ರೆಡ್ ರಾಡ್ ಎನ್ನುತ್ತಾರೆ. ಅದಕ್ಕೆ ಎರಡು ನಟ್ಟು, ನಾಲ್ಕು ದಪ್ಪ ವಾಷರು, ಬುಷ್ಷಿಗಿಂತ ಕೂದಲೆಳೆ ಸಣ್ಣದೊಂದು ಸಾಕೆಟ್ಟು, ಬುಷ್ ಒಳಗೆ ಇಳಿಯುವಷ್ಟು ಅಗಲದ ಕಬ್ಬಿಣದ ಪೈಪಿನ ತುಂಡು. ಒಂದು ಕಡೆ ಸಾಕೆಟ್ಟು ಬುಷ್ಷನ್ನು ತಳ್ಳುತ್ತದೆ, ಇನ್ನೊಂದು ಕಡೆ ಪೈಪು ಅದನ್ನು ಒಳಗೆ ತೆಗೆದುಕೊಳ್ಳುತ್ತದೆ, ನಟ್ಟು ತಿರುಗಿಸುತ್ತಾ ಹೋದರೆ ಮೊದಲು ಏನೂ ಆಗದು, ಆಮೇಲೆ ಠಣ್ ಎಂದು ಒಮ್ಮೆ ಸದ್ದು ಬಂದು ಬುಷ್ ಹೊರಡುತ್ತದೆ. ಬೆಂಚ್ ವೈಸ್ ಇದ್ದರೆ ಇನ್ನೂ ಸಲೀಸು. ಏನು ಮಾಡಿದರೂ ಬಾರದಿದ್ದರೆ ನಡುವಿನ ರಬ್ಬರನ್ನು ಕೊರೆದು ತೆಗೆದು, ಹ್ಯಾಕ್‌ಸಾ ಬ್ಲೇಡನ್ನು ಒಳಗೆ ತೂರಿಸಿ ಹೊರಕೊಳವೆಯನ್ನು ಉದ್ದಕ್ಕೆ ಒಂದು ಕಡೆ ಕೊಯ್ಯಬೇಕು. ಕೊಳವೆ ತೆಳು, ಅದು ಕೊಯ್ದ ತಕ್ಷಣ ನಿಲ್ಲಿಸಿ. ಬ್ಲೇಡು ಆರ್ಮಿಗೆ ಇಳಿಯಬಾರದು.

ಕಣ್ಣಿನ ಒಳಗೋಡೆಯನ್ನು ಎಮರಿ ಪೇಪರಿನಲ್ಲಿ ಉಜ್ಜಿ ತುಕ್ಕು ತೆಗೆಯಿರಿ. ಹೊಸ ಬುಷ್ ಓರೆಯಾಗದೆ ಹೊರಡುವಂತೆ ಮೊದಲ ಸುತ್ತುಗಳನ್ನು ನಿಧಾನಕ್ಕೆ ಕೊಡಿ. ಜಾರಿಸಲು ಗ್ರೀಸು, ಎಣ್ಣೆ ಯಾವುದೂ ಬೇಡ ಎಂದು ಆಗಲೇ ಹೇಳಿದೆ. ಸೋಪಿನ ನೀರು ಸಾಕು. ಅಟ್ಟದ ಮೇಲೆ ಅಂಟುವಾಳ ಇದ್ದರೆ ನೆನೆಸಿ ಕಿವುಚಿದ ನೊರೆಯೂ ಆಗುತ್ತದೆ. ಒಣಗಿದ ಮೇಲೆ ರಬ್ಬರಿಗೆ ಕೆಡುಕು ಮಾಡುವ ಯಾವ ಜಿಡ್ಡೂ ಅದರಿಂದ ಉಳಿಯುವುದಿಲ್ಲ. ಬುಷ್ಷಿನ ಆಯ್ಕೆಯಲ್ಲಿ ನನಗೆ ಹಟವಿದೆ. ಕಂಪನಿಯ ಬಿಡಿಭಾಗ ಸಿಕ್ಕರೆ ಅದೇ. ಡಬ್ಬಿಯ ಮೇಲೆ ಅಕ್ಷರ ತಪ್ಪಿರುವ ಅಗ್ಗದ ಮಾಲು ಒಂದು ಮಳೆಗಾಲ ದಾಟುವುದಿಲ್ಲ. ಪಾಲಿಯುರಿಥೇನ್ ಬುಷ್ ಹಾಕಿಸಿ ಎನ್ನುವ ಹುಡುಗರಿದ್ದಾರೆ. ಅದು ಗಟ್ಟಿ, ಬಾಳಿಕೆಯೂ ಹೌದು. ಆದರೆ ರಬ್ಬರು ನುಂಗುತ್ತಿದ್ದ ಕಂಪನವನ್ನೆಲ್ಲ ಬಾಡಿಗೆ ದಾಟಿಸುತ್ತದೆ, ಬೇಕಾದ ಗ್ರೀಸು ಒಣಗಿದರೆ ಕಿರುಗುಟ್ಟುತ್ತದೆ. ರೇಸಿಗೆ ಹೋಗುವ ಗಾಡಿಗೆ ಸರಿ. ಹಾಲಿನ ಕ್ಯಾನು, ಅಡಿಕೆ ಮೂಟೆ, ಮಕ್ಕಳನ್ನು ಕೂರಿಸಿಕೊಂಡು ತೋಟದ ದಾರಿಯಲ್ಲಿ ಹೋಗುವ 800ಕ್ಕೆ ರಬ್ಬರೇ ತಕ್ಕದ್ದು.

ಆರ್ಮು ಅದರ ಜಾಗಕ್ಕೆ ವಾಪಸು ಬಂದಾಗ ಬೋಲ್ಟುಗಳನ್ನೆಲ್ಲ ಕೂಡಿಸಿ. ಬಾಲ್ ಜಾಯಿಂಟಿನದನ್ನು ಪೂರ್ತಿ ಬಿಗಿಯಬಹುದು. ಒಳಬೋಲ್ಟನ್ನೂ ಸ್ಟೆಬಿಲೈಸರಿನ ನಟ್ಟುಗಳನ್ನೂ ಬಿಗಿಯಬೇಡಿ, ಕೂತಿರುವಷ್ಟು ಮಾತ್ರ. ಈಗಲೇ ಬಿಗಿದರೆ ಆಗುವುದಿಷ್ಟು: ಚಕ್ರ ಗಾಳಿಯಲ್ಲಿ ನೇತಾಡುತ್ತಿದೆ, ಆರ್ಮು ಕೆಳಮುಖವಾಗಿದೆ. ಆ ಭಂಗಿಯಲ್ಲಿ ಒಳಕೊಳವೆಯನ್ನು ಕಚ್ಚಿ ಹಿಡಿದರೆ ರಬ್ಬರಿನ ಪಾಲಿಗೆ ಅದೇ ವಿಶ್ರಾಂತಿಯ ಸ್ಥಿತಿ. ಗಾಡಿ ಕೆಳಗಿಳಿಸಿದ ಕೂಡಲೇ ಆರ್ಮು ಮೇಲೇರುತ್ತದೆ, ರಬ್ಬರು ತಿರುಚಿಕೊಳ್ಳುತ್ತದೆ, ಮತ್ತೆಂದೂ ಬಿಡುವುದಿಲ್ಲ. ಶೆಡ್ಡಿನಲ್ಲಿ ಸುಮ್ಮನೆ ನಿಂತಾಗಲೂ, ರಾತ್ರಿಯಿಡೀ, ಅದು ತಿರುಚಿಕೊಂಡೇ ಇರುತ್ತದೆ. ಹೊಂಡ ಬಂದಾಗ ಆ ತಿರುಚಿನ ಮೇಲೆ ಇನ್ನಷ್ಟು ತಿರುಚು. ವರ್ಷಗಟ್ಟಲೆ ಬಾಳಬೇಕಾದ ಬುಷ್ ಕೆಲವೇ ತಿಂಗಳಲ್ಲಿ ಹರಿಯುತ್ತದೆ. "ಈಗಿನ ಸಾಮಾನೇ ಹೀಗೆ, ಬಾಳಿಕೆ ಇಲ್ಲ" ಎಂದು ಬೈಸಿಕೊಳ್ಳುವ ಎಷ್ಟೋ ಬುಷ್ಷುಗಳು ಹೀಗೆ ಹುಟ್ಟುವಾಗಲೇ ಕುತ್ತಿಗೆ ತಿರುವಿಸಿಕೊಂಡವು.

ಆದ್ದರಿಂದ ಚಕ್ರ ಹಾಕಿ, ಗಾಡಿ ಇಳಿಸಿ, ಮುಂಭಾಗವನ್ನು ನಾಲ್ಕಾರು ಸಲ ಅದುಮಿ ಬಿಡಿ. ಅಂಗಳದಲ್ಲೇ ಹಿಂದೆ ಮುಂದೆ ಸ್ವಲ್ಪ ಉರುಳಿಸಿ. ಆಗ ಆರ್ಮು ತನ್ನ ಸಹಜ ಎತ್ತರಕ್ಕೆ ಬಂದು ನಿಲ್ಲುತ್ತದೆ. ಇನ್ನು ಕೈಹೋಗುವಷ್ಟು ಜಾಗ ಬೇಕಲ್ಲ. ಎರಡು ದಪ್ಪ ಹಲಗೆಗಳನ್ನು ಮೆಟ್ಟಿಲಾಗಿ ಜೋಡಿಸಿ, ಮೊಳೆ ಹೊಡೆದು, ಮುಂದಿನ ಎರಡೂ ಚಕ್ರವನ್ನು ಅದರ ಮೇಲೆ ಹತ್ತಿಸಿದರೆ ಜಾಗವೂ ಸಿಗುತ್ತದೆ, ಭಾರವೂ ಚಕ್ರದ ಮೇಲೇ ಇರುತ್ತದೆ. ಹ್ಯಾಂಡ್ ಬ್ರೇಕು, ಹಿಂದಿನ ಚಕ್ರಕ್ಕೆ ಅಡೆ. ಒಳಗೆ ಮಲಗಿ ಒಳಬೋಲ್ಟು ಬಿಗಿಯಿರಿ, ಸ್ಟೆಬಿಲೈಸರಿನ ನಟ್ಟುಗಳನ್ನು ಬಿಗಿಯಿರಿ, ಸ್ಪ್ಲಿಟ್ ಪಿನ್ನು ಹೊಸದೇ ಹಾಕಿ. ಎಷ್ಟು ಬಿಗಿಯಬೇಕು ಎನ್ನುವುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ, ಟಾರ್ಕ್ ರೆಂಚು ಸಾಲಕ್ಕೆ ಸಿಕ್ಕರೆ ಬಿಡಬೇಡಿ. ಇಡೀ ಕೆಲಸದಲ್ಲಿ ಅತಿ ಕಡಿಮೆ ಹೊತ್ತು ತೆಗೆದುಕೊಳ್ಳುವುದು ಇದೇ, ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ. "ಗಾಡಿ ಇಳಿಸಿ ಟೈಟ್ ಮಾಡಿ ಅಣ್ಣ" ಎಂದು ಗ್ಯಾರೇಜಿನಲ್ಲಿ ಮರ್ಯಾದೆಯಿಂದಲೇ ಹೇಳಿ ನೋಡಿ. ಮಾಡಿಕೊಡುವವರೂ ಇದ್ದಾರೆ.

ಒಂದು ಬದಿಯದು ಹೋಗಿದ್ದರೂ ಎರಡೂ ಬದಿ ಬದಲಿಸುವುದು ಲೇಸು. ಎರಡಕ್ಕೂ ಒಂದೇ ವಯಸ್ಸು, ಒಂದೇ ದಾರಿ. ಆಮೇಲೆ ಪೇಟೆಗೆ ಹೋಗಿ ಅಲೈನ್‌ಮೆಂಟ್ ಮಾಡಿಸಲೇಬೇಕು. 800ರಲ್ಲಿ ತಿದ್ದಲಾಗುವುದು ಮುಂದಿನ ಚಕ್ರಗಳ ಒಳಮುಖ ಹೊರಮುಖ ಮಾತ್ರ, ಖರ್ಚು ಹೆಚ್ಚಲ್ಲ. ಅಲ್ಲಿಯವರೆಗೆ ನಿಧಾನ ಹೋಗಿ.

15 ವರ್ಷ ತುಂಬಿದ ಗಾಡಿಯವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಆರ್‌ಸಿ ನವೀಕರಣಕ್ಕೆ ಗಾಡಿ ಹಾಜರುಪಡಿಸಬೇಕು, ಪಾಸಾದರೆ ಐದು ವರ್ಷಕ್ಕೆ ಅದು ಸಿಗುತ್ತದೆ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು, ಹಸಿರು ತೆರಿಗೆ ಬೇರೆ. ಬ್ರೇಕು ಒತ್ತಿದಾಗ ಎಡಕ್ಕೆ ಎಳೆಯುವ, ಸ್ಟೀರಿಂಗು ಆಡುವ ಗಾಡಿಯನ್ನು ಚಿಕ್ಕಮಗಳೂರಿನವರೆಗೆ ಒಯ್ದು ಕೆಎ-18ರ ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸುವುದಕ್ಕಿಂತ, ಮೊದಲು ಬುಷ್ ಸರಿಮಾಡಿಕೊಂಡು ಹೋಗುವುದು ಒಳ್ಳೆಯದು.

ಹಿಂದುಗಡೆಯ ಕೆಲಸ ಬಾಕಿ ಉಳಿಯಿತು. 1986ರ ನಂತರದ 800ರಲ್ಲಿ ಹಿಂದಿನ ಆಕ್ಸಲನ್ನು ಹಿಡಿದಿರುವುದು ಉದ್ದದ ಎರಡು ಟ್ರೇಲಿಂಗ್ ಆರ್ಮು ಮತ್ತು ಅಡ್ಡಕ್ಕೆ ಒಂದು ಲ್ಯಾಟರಲ್ ರಾಡು. ಅವಕ್ಕೂ ಎರಡೆರಡು ತುದಿ, ತುದಿಗೊಂದು ಬುಷ್. ಅವು ಹೋದರೆ ಕಟಕಟ ಬರುವುದು ಕಡಿಮೆ, ತಿರುವಿನಲ್ಲಿ ಗಾಡಿಯ ಹಿಂಭಾಗ ಒಂದು ಕ್ಷಣ ತಡವಾಗಿ ಹಿಂಬಾಲಿಸಿದ ಹಾಗೆ ಅನ್ನಿಸುತ್ತದೆ. ಬಿಚ್ಚುವ, ಕೂರಿಸುವ ವಿಧಾನ ಮುಂದಿನದೇ, ಬಿಗಿಯುವುದೂ ಗಾಡಿ ನೆಲಕ್ಕಿಳಿದ ಮೇಲೆಯೇ. ಹಿಂದೆ ಸ್ಪ್ರಿಂಗು ಬೇರೆಯಾಗಿಯೇ ಕೂತಿರುವುದರಿಂದ ಆಕ್ಸಲಿಗೆ ಪ್ರತ್ಯೇಕ ಜಾಕು ಕೊಟ್ಟು, ಒಂದು ಸಲಕ್ಕೆ ಒಂದೇ ಆರ್ಮು ಬಿಚ್ಚಬೇಕು. ಎರಡೂ ಆರ್ಮು ಒಟ್ಟಿಗೆ ಬಿಚ್ಚಿದರೆ ಆಕ್ಸಲು ಮುಂದಕ್ಕೋ ಹಿಂದಕ್ಕೋ ಸರಿದುಹೋಗುತ್ತದೆ, ಬೋಲ್ಟಿನ ತೂತು ಮತ್ತೆ ಹೊಂದಿಸಲು ಮೂರು ಜನ ಬೇಕಾಗುತ್ತಾರೆ.